ಮೂರು ಶೇಕಡಾ ಮತ, ನಾಲ್ಕು ವರ್ಷದ ಸಚಿವಗಿರಿ: ಫ್ರಾನ್ಸ್‌ನ ಡೊಮಿನಿಕ್ ವ್ವಾನೆ

ಪ್ರಶ್ನೆ: ನಮ್ಮಲ್ಲಿ ನದಿ, ಕಾಡು ಉಳಿಸಲು ಹೋರಾಡಿದವರು ಚುನಾವಣೆಗೆ ನಿಂತರೆ ಠೇವಣಿಯೂ ಉಳಿಯುವುದಿಲ್ಲ. ಫ್ರಾನ್ಸ್‌ನ ಡೊಮಿನಿಕ್ ವ್ವಾನೆ 1995ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೂರು ಚಿಲ್ಲರೆ ಶೇಕಡಾ ಮತ ಪಡೆದು, ಎರಡೇ ವರ್ಷದಲ್ಲಿ ಪರಿಸರ ಸಚಿವೆಯಾದರು ಎಂದು ಓದಿದೆ. ಅದು ಹೇಗೆ ಸಾಧ್ಯವಾಯಿತು? ಸಚಿವೆಯಾಗಿ ಅವರ ಕೈಯಲ್ಲಿ ಏನಾಯಿತು, ಏನಾಗಲಿಲ್ಲ? 2007ರಲ್ಲಿ ಮತ್ತೆ ನಿಂತಾಗ ಶೇಕಡಾವಾರು ಮತ ಅರ್ಧಕ್ಕಿಂತ ಕೆಳಗಿಳಿದದ್ದು ಯಾಕೆ? ಈಗ ಎಲ್ಲಿದ್ದಾರೆ?

ಉತ್ತರ: ಮೊದಲು ಹೆಸರು. ಅಕ್ಷರ ನೋಡಿ ಓದಿದರೆ ‘ವಾಯ್ನೆಟ್’ ಎನ್ನಿಸುತ್ತದೆ. ಫ್ರೆಂಚರ ಬಾಯಲ್ಲಿ ಅದು ನೀವು ಬರೆದಂತೆ ‘ವ್ವಾನೆ’ಯೇ. ಹುಟ್ಟಿದ್ದು 1958ರ ನವೆಂಬರ್ 4, ಪೂರ್ವ ಫ್ರಾನ್ಸ್‌ನ ಮೋಂಬೆಲಿಯಾರ್‌ನಲ್ಲಿ. ಓದಿದ್ದು ವೈದ್ಯಕೀಯ, ವೃತ್ತಿ ಅರಿವಳಿಕೆ ತಜ್ಞೆ; ಜೂರಾ ಜಿಲ್ಲೆಯ ದೋಲ್ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸ. 1984ರಲ್ಲಿ ‘ಲೆ ವೆರ್’, ಅಂದರೆ ಹಸಿರು ಪಕ್ಷ, ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಒಬ್ಬರು.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಅವರನ್ನು ಸಚಿವೆ ಮಾಡಿದ್ದು ಮತದ ಪ್ರಮಾಣವಲ್ಲ, ಚುನಾವಣೆಗೆ ಮೊದಲೇ ಸಹಿಯಾದ ಒಂದು ಒಪ್ಪಂದ. ಅವರ ಸಚಿವಾವಧಿಯ ಲೆಕ್ಕವನ್ನೂ ಆ ಒಪ್ಪಂದ ಇಟ್ಟುಕೊಂಡೇ ನೋಡಬೇಕು. ಅದರಲ್ಲಿ ಯಾವ ಯೋಜನೆಯ ಹೆಸರನ್ನು ಬಿಡಿಸಿ ಬರೆದಿದ್ದರೋ, ಯಾವುದನ್ನು ಒಂದು ಸರ್ಕಾರಿ ಆದೇಶದಿಂದ ಮುಗಿಸಬಹುದಿತ್ತೋ ಅದು ಆಯಿತು. ಬೇರೆ ಇಲಾಖೆಯ ಒಪ್ಪಿಗೆ, ಸಂಸತ್ತಿನ ಬಹುಮತ, ನ್ಯಾಯಾಲಯದ ಮುದ್ರೆ ಬೇಕಿದ್ದದ್ದು ಒಂದೋ ಅರ್ಧಕ್ಕೆ ನಿಂತಿತು, ಇಲ್ಲವೇ ತಿರುಗಿ ಅವರ ಮೇಲೆಯೇ ಬಿತ್ತು.

ಒಪ್ಪಂದಕ್ಕೆ ಬರುವ ಮೊದಲು ಪಕ್ಷದೊಳಗಿನ ಒಂದು ತಿರುವು ಗೊತ್ತಿರಬೇಕು. ಎಂಬತ್ತರ ದಶಕದ ಕೊನೆಗೆ ಹಸಿರು ಪಕ್ಷದ ಮುಖ ಆಂತ್ವಾನ್ ವೆಶ್ಟೆರ್. ಪರಿಸರ ಎಡವೂ ಅಲ್ಲ, ಬಲವೂ ಅಲ್ಲ, ಯಾರ ಜೊತೆಗೂ ಮೈತ್ರಿ ಬೇಡ ಎಂಬುದು ಅವರ ನಿಲುವು. ಅದಕ್ಕೆ ಫಲವೂ ಸಿಕ್ಕಿತ್ತು: 1989ರ ಯುರೋಪಿಯನ್ ಚುನಾವಣೆಯಲ್ಲಿ 10.59 ಶೇಕಡಾ ಮತ, 9 ಸ್ಥಾನ. ಯುರೋಪಿಯನ್ ಚುನಾವಣೆಯಲ್ಲಿ ಮತಕ್ಕೆ ತಕ್ಕಂತೆ ಸ್ಥಾನ ಹಂಚಿಕೆಯಾಗುತ್ತದೆ, ಹಾಗಾಗಿ ಒಬ್ಬರೇ ನಿಂತರೂ ನಡೆಯುತ್ತದೆ. ರಾಷ್ಟ್ರೀಯ ಸಭೆಯ ಚುನಾವಣೆಯಲ್ಲಿ ಹಾಗಲ್ಲ. 577 ಕ್ಷೇತ್ರ, ಎರಡು ಸುತ್ತು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ವಾರದ ನಂತರ ಎರಡನೇ ಸುತ್ತು. ಅದಕ್ಕೆ ಮೊದಲ ಇಬ್ಬರು ಹೋಗುತ್ತಾರೆ. ಮೂರನೆಯವರು ಹೋಗಬೇಕೆಂದರೆ ಕ್ಷೇತ್ರದ ನೋಂದಾಯಿತ ಮತದಾರರಲ್ಲಿ 12.5 ಶೇಕಡಾ ಮಂದಿ ಅವರಿಗೆ ಮತ ಹಾಕಿರಬೇಕು. ಇಲ್ಲಿ ‘ನೋಂದಾಯಿತ’ ಎಂಬ ಪದವೇ ಕೊರಳಿಗೆ ಬಿಗಿಯುವ ಹಗ್ಗ. 68 ಶೇಕಡಾ ಮತದಾನವಾದ ಕಡೆ ಈ 12.5 ಎಂದರೆ ಚಲಾವಣೆಯಾದ ಮತದಲ್ಲಿ 18ಕ್ಕೂ ಹೆಚ್ಚು ಶೇಕಡಾ. ದೇಶವಿಡೀ ಏಳೆಂಟು ಶೇಕಡಾ ಇರುವ ಪಕ್ಷಕ್ಕೆ ಅದು ಎಟುಕುವುದಿಲ್ಲ. 1993ರಲ್ಲಿ ಪರಿಸರವಾದಿಗಳ ಎರಡು ಗುಂಪು ಕೂಡಿ ನಿಂತು, ಹತ್ತಿರ ಹತ್ತಿರ ಎಂಟು ಶೇಕಡಾ ಮತ ಪಡೆದೂ, ಒಂದೇ ಒಂದು ಸ್ಥಾನ ಗೆಲ್ಲಲಿಲ್ಲ.

ಆ ಸೋಲಿನಿಂದ ಪಾಠ ಕಲಿತವರು ವ್ವಾನೆ. ಅದೇ ವರ್ಷ ನವೆಂಬರಿನಲ್ಲಿ ಲೀಲ್ ನಗರದ ಮಹಾಸಭೆಯಲ್ಲಿ ವೆಶ್ಟೆರ್ ಬಣ ಅಲ್ಪಮತಕ್ಕೆ ಇಳಿಯಿತು. ಪಕ್ಷ ಎಡಪಕ್ಷಗಳ ಜೊತೆ ಮಾತುಕತೆಗೆ ಸಿದ್ಧವಾಯಿತು. ಮರುವರ್ಷ ವೆಶ್ಟೆರ್ ಪಕ್ಷ ಬಿಟ್ಟು ಬೇರೆ ಸಂಘಟನೆ ಕಟ್ಟಿದರು. 1995ರಲ್ಲಿ ವ್ವಾನೆ ಅಧ್ಯಕ್ಷೀಯ ಅಭ್ಯರ್ಥಿ. ಅವರಿಗೆ ಬಂದದ್ದು 10,10,681 ಮತ, 3.32 ಶೇಕಡಾ. 1988ರಲ್ಲಿ ವೆಶ್ಟೆರ್ ಪಡೆದಿದ್ದ 3.78ಕ್ಕಿಂತಲೂ ಇದು ಕಡಿಮೆ ಎಂಬುದನ್ನು ಗಮನಿಸಿ. ಮತ ಇಳಿದಿತ್ತು, ಆದರೆ ಈ ಹತ್ತು ಲಕ್ಷ ಮತದಾರರು ಎರಡನೇ ಸುತ್ತಿನಲ್ಲಿ ಯಾವ ಕಡೆ ವಾಲುತ್ತಾರೆ ಎಂಬುದು ಈಗ ಸಮಾಜವಾದಿ ಪಕ್ಷಕ್ಕೆ ಸ್ಪಷ್ಟವಾಗಿತ್ತು. ಮಾತುಕತೆಯಲ್ಲಿ ತೂಗಿದ್ದು ಆ ವಾಲುವಿಕೆ.

1997ರ ಜನವರಿಯಲ್ಲಿ ಎರಡೂ ಪಕ್ಷಗಳ ನಡುವೆ ಒಪ್ಪಂದವಾಯಿತು. ಸಮಾಜವಾದಿಗಳು ಸುಮಾರು 30 ಕ್ಷೇತ್ರಗಳಲ್ಲಿ ತಮ್ಮವರನ್ನು ನಿಲ್ಲಿಸದೆ ಹಸಿರು ಅಭ್ಯರ್ಥಿಗೆ ಬಿಟ್ಟುಕೊಟ್ಟರು. ಜೊತೆಗೆ ಕಾರ್ಯಕ್ರಮದ ಪಟ್ಟಿ: ಸೂಪರ್‌ಫೀನಿಕ್ಸ್ ಅಣುಸ್ಥಾವರ ಮುಚ್ಚುವುದು, ರೈನ್-ರೋನ್ ಕಾಲುವೆ ಕೈಬಿಡುವುದು, 2010ರ ತನಕ ಹೊಸ ರಿಯಾಕ್ಟರ್ ಕಟ್ಟದಿರುವುದು, ವಾರಕ್ಕೆ 35 ಗಂಟೆ ಕೆಲಸ. ಆಗ ಚುನಾವಣೆ 1998ಕ್ಕೆ ಬರಬೇಕಿತ್ತು. ಅಧ್ಯಕ್ಷ ಜಾಕ್ ಶಿರಾಕ್ 1997ರ ಏಪ್ರಿಲ್ 21ರಂದು ದಿಢೀರನೆ ಸಭೆ ವಿಸರ್ಜಿಸಿದರು. ಐದು ವಾರದಲ್ಲಿ ಮತದಾನ. ಸೀಟು ಹಂಚಿಕೆ ಮೊದಲೇ ಮುಗಿದಿದ್ದರಿಂದ ಎಡಪಾಳಯ ಆ ಐದು ವಾರವನ್ನು ಜಗಳದಲ್ಲಿ ಕಳೆಯಲಿಲ್ಲ. ವ್ವಾನೆ ದೋಲ್ ಇರುವ ಕ್ಷೇತ್ರದಿಂದ ಗೆದ್ದರು. ಸಮಾಜವಾದಿಗಳಿಗೆ ಒಂಟಿಯಾಗಿ 289ರ ಬಹುಮತ ಬರಲಿಲ್ಲ, ಕಮ್ಯುನಿಸ್ಟರೂ ಹಸಿರಿನವರೂ ಬೇಕಾಯಿತು. ಜೂನ್ 4ರಂದು ಸಮಾಜವಾದಿ ಪ್ರಧಾನಿ ಲಿಯೊನೆಲ್ ಜೋಸ್ಪಾಂ ಸಂಪುಟದಲ್ಲಿ ವ್ವಾನೆ ಪ್ರಾದೇಶಿಕ ಯೋಜನೆ ಮತ್ತು ಪರಿಸರ ಸಚಿವೆ.

ಆ ‘ಪ್ರಾದೇಶಿಕ ಯೋಜನೆ’ ಎಂಬ ಭಾಗ ಬಹಳ ಮುಖ್ಯ. ಫ್ರಾನ್ಸ್‌ನಲ್ಲಿ ಪರಿಸರ ಖಾತೆ 1971ರಿಂದ ಇದೆ, ಆದರೆ ಆಗ ಹಣವೂ ಕಡಿಮೆ, ಸಿಬ್ಬಂದಿಯೂ ಕಡಿಮೆ. ರಸ್ತೆ ಬೇರೆ ಖಾತೆ, ಕೃಷಿ ಬೇರೆ, ವಿದ್ಯುತ್ ಕೈಗಾರಿಕಾ ಖಾತೆಗೆ. ಪ್ರಾದೇಶಿಕ ಯೋಜನೆ ಸೇರಿಸಿದ್ದರಿಂದ ‘ದಾತಾರ್’ ಎಂಬ ಯೋಜನಾ ಸಂಸ್ಥೆ ಅವರ ಕೈಕೆಳಗೆ ಬಂತು. 2000ದಿಂದ 2006ರ ಅವಧಿಗೆ ಕೇಂದ್ರ ಮತ್ತು ಪ್ರಾಂತ್ಯಗಳ ನಡುವೆ ಆಗುವ ಹಣಕಾಸು ಒಪ್ಪಂದಗಳಲ್ಲಿ ಅವರಿಗೆ ಕೂರುವ ಜಾಗ ಸಿಕ್ಕಿತು. 1999ರ ಜೂನ್ 25ರ ಪ್ರಾದೇಶಿಕ ಯೋಜನಾ ಕಾನೂನನ್ನು ಇಂದಿಗೂ ‘ವ್ವಾನೆ ಕಾನೂನು’ ಎಂದೇ ಕರೆಯುತ್ತಾರೆ. ಹಳ್ಳಿಗಳು ಗುಂಪಾಗಿ ಯೋಜನೆ ರೂಪಿಸುವುದು, ಅದಕ್ಕೆ ಸ್ಥಳೀಯ ನಾಗರಿಕರ ಅಭಿವೃದ್ಧಿ ಮಂಡಳಿ ಇರಬೇಕೆನ್ನುವುದು ಇವೆಲ್ಲ ಅದರಿಂದ ಬಂದವು. ಗದ್ದಲ ಮಾಡದ ಕಾನೂನು, ಹಾಗಾಗಿ ಯಾರೂ ಹೆಚ್ಚು ಮಾತಾಡುವುದಿಲ್ಲ. ನನ್ನ ಲೆಕ್ಕದಲ್ಲಿ ಅವರ ಬಹುಕಾಲ ಬಾಳಿದ ಕೆಲಸಗಳಲ್ಲಿ ಅದೊಂದು.

ಈಗ ಸೂಪರ್‌ಫೀನಿಕ್ಸ್. ಈಸೇರ್ ಜಿಲ್ಲೆಯ ಕ್ರೇಸ್-ಮಾಲ್ವಿಲ್‌ನಲ್ಲಿ ರೋನ್ ನದಿಯ ದಡದಲ್ಲಿದ್ದ ಇದು ಸುಮಾರು 1,200 ಮೆಗಾವಾಟ್‌ನ ಫಾಸ್ಟ್ ಬ್ರೀಡರ್ ರಿಯಾಕ್ಟರ್, ಅಂದರೆ ಓಡುತ್ತಲೇ ಹೊಸ ಅಣು ಇಂಧನವನ್ನೂ ತಯಾರಿಸುವಂಥದ್ದು. ತಂಪು ಮಾಡಲು ನೀರಿನ ಬದಲು ದ್ರವ ಸೋಡಿಯಂ, ಒಟ್ಟು 5,500 ಟನ್. ಸೋಡಿಯಂ ಗಾಳಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ, ನೀರಿಗೆ ತಾಗಿದರೆ ಸಿಡಿಯುತ್ತದೆ. 1977ರ ಜುಲೈ 31ರಂದು ಅಲ್ಲಿ ನಡೆದ ಬೃಹತ್ ಪ್ರತಿಭಟನೆಯಲ್ಲಿ ವಿತಾಲ್ ಮಿಶಲೋಂ ಎಂಬ ಯುವ ಶಿಕ್ಷಕ ಪೊಲೀಸರ ಗ್ರೆನೇಡಿಗೆ ಸತ್ತರು. ಹಸಿರು ಚಳವಳಿಗೆ ಅದು ಮಾಗದ ಗಾಯ. ಅಧಿಕಾರ ಹಿಡಿದು ಹದಿನೈದೇ ದಿನಕ್ಕೆ, 1997ರ ಜೂನ್ 19ರಂದು, ಜೋಸ್ಪಾಂ ಸಂಸತ್ತಿನಲ್ಲಿ ಸ್ಥಾವರ ಮುಚ್ಚುವುದಾಗಿ ಘೋಷಿಸಿದರು. ಇಷ್ಟು ಬೇಗ ಹೇಗೆ? ಅದೇ ವರ್ಷ ಫೆಬ್ರವರಿ 28ರಂದು ಫ್ರಾನ್ಸ್‌ನ ಅತ್ಯುನ್ನತ ಆಡಳಿತ ನ್ಯಾಯಾಲಯವಾದ ಕೋನ್ಸೆಯ್ ದೆತಾ, ಸ್ಥಾವರಕ್ಕೆ 1994ರಲ್ಲಿ ಕೊಟ್ಟಿದ್ದ ಮರುಚಾಲನೆ ಆದೇಶವನ್ನೇ ರದ್ದು ಮಾಡಿತ್ತು. ಮತ್ತೆ ಓಡಿಸಬೇಕೆಂದರೆ ಸರ್ಕಾರ ಹೊಸ ಆದೇಶ ಹೊರಡಿಸಬೇಕಿತ್ತು. ಹೊರಡಿಸದಿದ್ದರೆ ಸಾಕು, ಅದು ನಿಂತೇ ಇರುತ್ತಿತ್ತು. ಕಾನೂನು ಈಗಾಗಲೇ ಸಡಿಲಿಸಿದ್ದ ಗೂಟವನ್ನೇ ಆರಿಸಿ ಎಳೆದದ್ದು ವ್ವಾನೆ ಬಳಗದ ಜಾಣತನ. ಅಂತಿಮ ಮುಚ್ಚುವ ಆದೇಶ 1998ರ ಡಿಸೆಂಬರ್ 30ಕ್ಕೆ ಬಂತು.

ಕಾಲುವೆಯ ಕಥೆಯೂ ಅಂಥದ್ದೇ, ಆದರೆ ಇದು ಅವರ ಸ್ವಂತ ಊರಿನ ಹೋರಾಟ. ಸೋನ್ ನದಿಯಿಂದ ರೈನ್ ತನಕ 229 ಕಿಲೋಮೀಟರ್. ಅಲ್ಲಿ ಹತ್ತೊಂಬತ್ತನೇ ಶತಮಾನದ ಕಿರಿದಾದ ಕಾಲುವೆಯೊಂದು ಇದೆ. 38 ಮೀಟರ್ ಉದ್ದದ ದೋಣಿಗೆ ಅಳತೆ ಮಾಡಿ ತೋಡಿದ್ದು. ಅದರ ಜಾಗದಲ್ಲಿ 185 ಮೀಟರ್ ಉದ್ದದ, 4,400 ಟನ್ ಹೊರುವ ಸರಕು ದೋಣಿಗಳ ಸಾಲು ಹೋಗುವಂಥ ಜಲಮಾರ್ಗ ಬೇಕೆಂದು 1978ರಲ್ಲಿ ಸಾರ್ವಜನಿಕ ಹಿತದ ಘೋಷಣೆ, ಅಂದರೆ ಜಮೀನು ವಶಪಡಿಸಿಕೊಳ್ಳಲು ದಾರಿ ಮಾಡುವ ಸರ್ಕಾರಿ ಘೋಷಣೆ, ಆಗಿತ್ತು. ಅಂಥ ದೋಣಿ ತಿರುಗಬೇಕಾದರೆ ನದಿಯ ತಿರುವುಗಳನ್ನು ನೇರ ಮಾಡಬೇಕು, ತಳ ಅಗೆಯಬೇಕು. ಕಾಲುವೆಯ ದಾರಿಯಲ್ಲಿರುವ ದೂ ನದಿಯಂತೂ ಹಾವಿನ ಹಾಗೆ ಬಳುಕುವ ನದಿ. ಬಳುಕು ತೆಗೆದರೆ ಉಳಿಯುವುದು ಚರಂಡಿ. ಹುಟ್ಟೂರು ಮೋಂಬೆಲಿಯಾರ್, ಕ್ಷೇತ್ರ ದೋಲ್ ಎರಡೂ ಇದೇ ಕಾಲುವೆಯ ದಾರಿಯಲ್ಲಿವೆ. 1997ರಲ್ಲೇ ಆ ಘೋಷಣೆ ರದ್ದಾಯಿತು. ದೂ ಕಣಿವೆ ಇಂದು ಇರುವ ರೂಪದಲ್ಲಿ ಉಳಿದಿದ್ದರೆ ಅದರಲ್ಲಿ ಈ ಹೋರಾಟದ ಪಾಲು ದೊಡ್ಡದು.

ಹೆಚ್ಚು ಜನ ಕಣ್ಣಾರೆ ಕಂಡ ಕೆಲಸ 1997ರ ಅಕ್ಟೋಬರ್ 1ರದು. ಹಿಂದಿನ ದಿನ ಪ್ಯಾರಿಸಿನ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಮೂರನೇ, ಅಂದರೆ ಅತಿ ಹೆಚ್ಚಿನ ಎಚ್ಚರಿಕೆಯ ಮಟ್ಟ ಮುಟ್ಟಿತ್ತು. ಮರುದಿನ ತಾರೀಕು 1, ಬೆಸ. ಹಾಗಾಗಿ ನಂಬರ್ ಪ್ಲೇಟು ಬೆಸ ಸಂಖ್ಯೆಯ ಕಾರುಗಳು ಮಾತ್ರ ರಸ್ತೆಗಿಳಿಯಬೇಕು. ಮೂವರು ಅಥವಾ ಹೆಚ್ಚು ಮಂದಿ ಕೂತ ಕಾರಿಗೆ ವಿನಾಯಿತಿ. ಬಸ್ಸು, ಮೆಟ್ರೊ ಉಚಿತ. ದಿಲ್ಲಿಯಲ್ಲಿ 2016ರ ಜನವರಿಯಲ್ಲಿ ಮಾಡಿದ ಸಮ-ಬೆಸ ಪ್ರಯೋಗ ನೆನಪಿದ್ದರೆ ಇದು ಬೇಗ ಅರ್ಥವಾಗುತ್ತದೆ. ಇಂಥ ಕ್ರಮಕ್ಕೆ ಕಾನೂನಿನ ಆಧಾರ 1996ರ ಡಿಸೆಂಬರಿನಲ್ಲಿ ಹಿಂದಿನ ಸಚಿವೆ ಕೋರಿನ್ ಲೆಪಾಜ್ ತಂದಿದ್ದ ವಾಯು ಕಾನೂನು. ಕಾನೂನು ಮಾಡಿದವರೊಬ್ಬರು, ಮೊದಲ ಸಲ ಬಳಸುವ ಧೈರ್ಯ ತೋರಿದವರು ಇನ್ನೊಬ್ಬರು; ಇಬ್ಬರಿಗೂ ಸಲ್ಲಬೇಕಾದದ್ದು ಸಲ್ಲಬೇಕು.

ಇನ್ನು ಕೈತಪ್ಪಿದ್ದು. ಮಾಲಿನ್ಯ ಮಾಡುವ ಚಟುವಟಿಕೆಗಳ ಮೇಲೆ 1999ರಿಂದ ಒಂದು ಸಾಮಾನ್ಯ ತೆರಿಗೆ ಜಾರಿಗೆ ಬಂತು; ಮರುವರ್ಷ ಅದು ಕೀಟನಾಶಕ, ಬಟ್ಟೆ ತೊಳೆಯುವ ಪುಡಿಯ ಫಾಸ್ಫೇಟ್‌ಗಳಿಗೂ ವಿಸ್ತರಿಸಿತು. ಅದನ್ನು ಕೈಗಾರಿಕೆಗಳ ಇಂಧನ ಬಳಕೆಗೂ ಹಾಕಬೇಕೆಂದು ಹೊರಟಾಗ 2000ದ ಡಿಸೆಂಬರ್ 28ರಂದು, ಕಾನೂನು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುವ ಸಂವಿಧಾನ ಮಂಡಳಿ ತಡೆಯಿತು. ಎಡವಿದ್ದು ಕರಡಿನಲ್ಲಿ. ತೆರಿಗೆಯ ಘೋಷಿತ ಉದ್ದೇಶ ಹಸಿರುಮನೆ ಅನಿಲ ತಗ್ಗಿಸುವುದು. ಆದರೆ ತೆರಿಗೆ ವಿದ್ಯುತ್ತಿನ ಮೇಲೂ ಬೀಳುತ್ತಿತ್ತು. ಫ್ರಾನ್ಸ್‌ನ ವಿದ್ಯುತ್ತಿನ ಬಹುಪಾಲು ಅಣುಸ್ಥಾವರದಿಂದ ಬರುವುದು, ಅದರಲ್ಲಿ ಇಂಗಾಲ ಕಡಿಮೆ. ಉದ್ದೇಶಕ್ಕೂ ಅಳತೆಗೂ ಹೊಂದಿಕೆಯಿಲ್ಲ, ಸಮಾನತೆಯ ತತ್ವ ಮುರಿಯುತ್ತದೆ ಎಂದು ಮಂಡಳಿ ಹೇಳಿತು. ಅಣುವಿದ್ಯುತ್ತಿನ ವಿರೋಧ ಮತ್ತು ಹವಾಮಾನದ ಕಾಳಜಿ ಎರಡನ್ನೂ ಒಂದೇ ತೆರಿಗೆಗೆ ಕಟ್ಟಲು ಹೋಗಿ ಎರಡೂ ಬಿದ್ದವು. ಹಸಿರು ಪಕ್ಷಗಳಲ್ಲಿ ಕರಡು ಬರೆಯುವವರು ಈ ತೀರ್ಪನ್ನು ಓದಲೇಬೇಕು.

ಅಣುತ್ಯಾಜ್ಯದಲ್ಲಂತೂ ಸ್ವಂತ ಕಾರ್ಯಕರ್ತರೇ ಮುನಿದರು. ಮ್ಯೂಸ್ ಜಿಲ್ಲೆಯ ಬ್ಯೂರ್‌ನಲ್ಲಿ ತ್ಯಾಜ್ಯವನ್ನು ಆಳದ ಜೇಡಿಪದರದಲ್ಲಿ ಹೂಳಬಹುದೇ ಎಂದು ಪರೀಕ್ಷಿಸುವ ನೆಲದಡಿಯ ಪ್ರಯೋಗಾಲಯಕ್ಕೆ 1999ರ ಆಗಸ್ಟಿನಲ್ಲಿ ಅನುಮತಿ ಆದೇಶ ಹೊರಟಿತು; ಅದರಲ್ಲಿ ವ್ವಾನೆಯ ಸಹಿಯೂ ಇದೆ. ಫ್ರೆಂಚ್ ವ್ಯವಸ್ಥೆಯಲ್ಲಿ ಇಲಾಖೆಗಳ ನಡುವೆ ಜಗಳವಾದರೆ ಪ್ರಧಾನಿ ಕಚೇರಿಯಲ್ಲಿ ಅಂತರ-ಇಲಾಖಾ ಸಭೆ ಕೂರುತ್ತದೆ, ಪ್ರಧಾನಿ ತೀರ್ಮಾನಿಸುತ್ತಾರೆ. ಆಮೇಲೆ ಸಂಬಂಧಪಟ್ಟ ಸಚಿವರು ಸಹಿ ಹಾಕಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು. ಮೂರನೇ ದಾರಿ ಇಲ್ಲ. ರಾಜೀನಾಮೆಯೂ ಸುಲಭವಾಗಿರಲಿಲ್ಲ, ಅದಕ್ಕೊಂದು ನಿಯಮದ ಕಾರಣವಿದೆ. ನಮ್ಮಲ್ಲಿ ಸಚಿವರಾಗಲು ಶಾಸಕ ಅಥವಾ ಸಂಸದ ಆಗಿರಬೇಕು, ಇಲ್ಲವೇ ಆರು ತಿಂಗಳೊಳಗೆ ಆಗಬೇಕು. ಅಲ್ಲಿ ತದ್ವಿರುದ್ಧ, ಸಚಿವರಾದವರು ತಿಂಗಳೊಳಗೆ ಸಂಸತ್ ಸ್ಥಾನ ಬಿಡಬೇಕು, ಜೊತೆಗೆ ಆಯ್ಕೆಯಾದ ಬದಲಿ ಸದಸ್ಯರು ಆ ಜಾಗಕ್ಕೆ ಬರುತ್ತಾರೆ. 2008ರ ಸಂವಿಧಾನ ತಿದ್ದುಪಡಿಗೆ ಮೊದಲು, ಸಂಪುಟ ಬಿಟ್ಟವರಿಗೆ ಆ ಸ್ಥಾನ ತಾನಾಗಿ ಮರಳುತ್ತಿರಲಿಲ್ಲ. ಹೊರಬಂದರೆ ಕೈಯಲ್ಲಿ ಏನೂ ಇಲ್ಲ.

ಬೇಟೆಯ ಜಗಳ ಉದ್ದದ್ದು, ಚಿಕ್ಕದಾಗಿ ಹೇಳುತ್ತೇನೆ. 1979ರ ಯುರೋಪಿಯನ್ ಪಕ್ಷಿ ನಿರ್ದೇಶನದ ಪ್ರಕಾರ ವಲಸೆ ಹಕ್ಕಿಗಳು ಗೂಡಿಗೆ ಮರಳುವ ಕಾಲದಲ್ಲಿ ಬೇಟೆ ನಿಲ್ಲಬೇಕು. ಫ್ರಾನ್ಸ್ ಅದನ್ನು ಪಾಲಿಸಿರಲಿಲ್ಲ. 1999ರ ಏಪ್ರಿಲ್ 29ರಂದು ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯವೂ, ಬೇಟೆ ಒಪ್ಪದ ಜಮೀನುದಾರರು ಬೇಟೆಗಾರರಿಗೆ ತಮ್ಮ ಹೊಲ ಬಿಟ್ಟುಕೊಡಲೇಬೇಕೆಂಬ ಫ್ರೆಂಚ್ ನಿಯಮ ತಪ್ಪೆಂದಿತು. 2000ದ ಜುಲೈ 26ರ ಕಾನೂನು ಆ ಜಮೀನುದಾರರಿಗೆ ‘ನನ್ನ ನೆಲದಲ್ಲಿ ಬೇಡ’ ಎನ್ನುವ ಹಕ್ಕು ಕೊಟ್ಟಿತು, ಶಾಲೆಗೆ ಬಿಡುವಿರುವ ಬುಧವಾರ ಬೇಟೆ ನಿಷೇಧಿಸಿತು. ಪ್ರತಿಯಾಗಿ 21 ಜಿಲ್ಲೆಗಳಲ್ಲಿ ನೀರುಹಕ್ಕಿಗಳ ರಾತ್ರಿ ಬೇಟೆ ಸಕ್ರಮವಾಯಿತು. ಎರಡೂ ಕಡೆಯವರು ಬೈದರು. 2003ರಲ್ಲಿ ಮುಂದಿನ ಸರ್ಕಾರ ಬುಧವಾರದ ನಿಷೇಧ ತೆಗೆದುಹಾಕಿತು; ಜಮೀನುದಾರರ ಹಕ್ಕು ಉಳಿಯಿತು, ಯಾಕೆಂದರೆ ಅದರ ಬೆನ್ನಿಗೆ ನ್ಯಾಯಾಲಯದ ತೀರ್ಪಿತ್ತು. ಈ ವರ್ಷಗಳಲ್ಲಿ ವ್ವಾನೆ ಎದುರಿಸಿದ ದ್ವೇಷ ಸಣ್ಣದಲ್ಲ. 1999ರ ಫೆಬ್ರವರಿ 8ರಂದು ಕೃಷಿಕರ ಪ್ರತಿಭಟನಾಕಾರರು ಅವರ ಸಚಿವಾಲಯದೊಳಕ್ಕೇ ನುಗ್ಗಿ ಕಚೇರಿ ಧ್ವಂಸ ಮಾಡಿದರು.

ಅವರ ಹೆಸರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು ಮಾತ್ರ ಒಂದು ವಾಕ್ಯ. 1999ರ ಡಿಸೆಂಬರ್ 12ರಂದು ಬ್ರಿಟನಿ ಕರಾವಳಿಯಾಚೆ ಎರಿಕಾ ಎಂಬ ತೈಲ ಹಡಗು ಎರಡು ತುಂಡಾಯಿತು. ಹೊತ್ತಿದ್ದದ್ದು ಸುಮಾರು 31,000 ಟನ್, ಸಮುದ್ರಕ್ಕೆ ಬಿದ್ದದ್ದು ಸುಮಾರು 20,000 ಟನ್ ಭಾರೀ ಇಂಧನ ತೈಲ. ರೆಯೂನಿಯೋಂ ದ್ವೀಪದಲ್ಲಿ ರಜೆಯಲ್ಲಿದ್ದ ವ್ವಾನೆ ಮರಳಿದ ಮೇಲೆ, ಇದು ಶತಮಾನದ ಪರಿಸರ ದುರಂತವೇನಲ್ಲ ಎಂಬರ್ಥದ ಮಾತಾಡಿದರು. ಟನ್ ಲೆಕ್ಕದಲ್ಲಿ ನೋಡಿದರೆ ಅದು ಸುಳ್ಳಲ್ಲ. 1978ರಲ್ಲಿ ಅದೇ ಬ್ರಿಟನಿಯಲ್ಲಿ ಅಮೋಕೊ ಕಾದಿಜ್ ಚೆಲ್ಲಿದ್ದು ಸುಮಾರು 2,27,000 ಟನ್. ಆದರೆ ಅಮೋಕೊ ಕಾದಿಜ್‌ನಲ್ಲಿದ್ದದ್ದು ಕಚ್ಚಾ ತೈಲ, ಒಂದು ಪಾಲು ಆವಿಯಾಗಿ ಹೋಗುತ್ತದೆ. ಎರಿಕಾದ ಎಣ್ಣೆ ಟಾರಿನ ಹಾಗೆ. ಆವಿಯಾಗದು, ಕರಗದು, ನೀರನ್ನು ಹೀರಿಕೊಂಡು ಇನ್ನೂ ದಪ್ಪಗಾಗುತ್ತದೆ. ಸುಮಾರು 400 ಕಿಲೋಮೀಟರ್ ತೀರದ ಬಂಡೆಗಳಿಗೆ ಅದು ಮೆತ್ತಿಕೊಂಡಿತು, ಲಕ್ಷಕ್ಕೂ ಹೆಚ್ಚು ಕಡಲ ಹಕ್ಕಿಗಳು ಸತ್ತವು. ಕೈಗವಸು ಹಾಕಿ ಗುದ್ದಲಿಯಲ್ಲಿ ಬಂಡೆ ಕೆರೆಯುತ್ತಿದ್ದ ಜನರಿಗೆ ಹಳೆಯ ಟನ್ನಿನ ಲೆಕ್ಕ ಹೇಳುವುದು ಪರಿಸರ ಸಚಿವೆಯ ಕೆಲಸವಾಗಿರಲಿಲ್ಲ. ಅವರನ್ನು ಗೌರವಿಸುವವರೂ ಇದನ್ನು ತಪ್ಪೆಂದೇ ಹೇಳಬೇಕು.

2000ದ ನವೆಂಬರಿನ ಹೇಗ್ ಹವಾಮಾನ ಸಮ್ಮೇಳನದ ವಿಷಯದಲ್ಲಿ ಮಾತ್ರ ಅವರ ಮೇಲೆ ಹೊರಿಸಿದ ದೋಷ ಅನ್ಯಾಯದ್ದು. ಆಗ ಯುರೋಪಿಯನ್ ಒಕ್ಕೂಟದ ಸರದಿ ಅಧ್ಯಕ್ಷತೆ ಫ್ರಾನ್ಸ್‌ನದು, ಹಾಗಾಗಿ 15 ದೇಶಗಳ ಪರ ಮಾತಾಡುತ್ತಿದ್ದವರು ವ್ವಾನೆ. ಕಾಡು, ಕೃಷಿಭೂಮಿ ಹೀರುವ ಇಂಗಾಲವನ್ನೂ ತನ್ನ ಹಸಿರುಮನೆ ಅನಿಲ ಕಡಿತದ ಲೆಕ್ಕಕ್ಕೆ ಸೇರಿಸಬೇಕೆಂದು ಅಮೆರಿಕ ಹಟ ಹಿಡಿದಿತ್ತು. ಕೊನೆಯ ರಾತ್ರಿ ಬ್ರಿಟನ್ನಿನ ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಒಂದು ರಾಜಿಸೂತ್ರ ತಂದರು. ಬೆಳಗಿನ ಜಾವ ಯುರೋಪಿಯನ್ ಸಚಿವರ ಸಭೆ ಅದನ್ನು ಒಪ್ಪಲಿಲ್ಲ, ಸಮ್ಮೇಳನ ಮುರಿಯಿತು. ವ್ವಾನೆ ದಣಿದಿದ್ದರು, ವಿವರ ಅರ್ಥವಾಗಲಿಲ್ಲ ಎಂಬರ್ಥದಲ್ಲಿ ಪ್ರೆಸ್ಕಾಟ್ ಬಹಿರಂಗವಾಗಿ ದೂರಿದರು; ಇದು ಗಂಡಸಿನ ಅಹಂಕಾರದ ಮಾತು ಎಂದು ವ್ವಾನೆ ತಿರುಗಿಸಿದರು. ಅಧ್ಯಕ್ಷತೆ ವಹಿಸಿದ ಸಚಿವರಿಗೆ 15 ದೇಶಗಳ ಪರ ಒಬ್ಬರೇ ಒಪ್ಪಿಗೆ ಕೊಡುವ ಅಧಿಕಾರ ಇರುವುದಿಲ್ಲ. ಬೇಡವೆಂದದ್ದು ಅವರೊಬ್ಬರೇ ಅಲ್ಲ. ಆದರೂ ಪರಿಣಾಮದ ಲೆಕ್ಕ ಕಹಿಯಾದದ್ದು: 2001ರ ಮಾರ್ಚಿನಲ್ಲಿ ಬುಷ್ ಸರ್ಕಾರ ಈ ಕಡಿತಕ್ಕೆ ಆಧಾರವಾದ ಕ್ಯೋಟೊ ಒಪ್ಪಂದವನ್ನೇ ತಿರಸ್ಕರಿಸಿತು, ಜುಲೈನಲ್ಲಿ ಬಾನ್‌ನಲ್ಲಿ ಯುರೋಪು ಜಪಾನ್, ಕೆನಡಾಗಳಿಗೆ ಕಾಡಿನ ಲೆಕ್ಕದಲ್ಲಿ ಧಾರಾಳವಾಗಿ ಬಿಟ್ಟುಕೊಡಬೇಕಾಯಿತು.

2001ರ ಜುಲೈನಲ್ಲಿ ಅವರು ಸಂಪುಟ ಬಿಟ್ಟು ಪಕ್ಷದ ರಾಷ್ಟ್ರೀಯ ಕಾರ್ಯದರ್ಶಿಯಾದರು. ಸಚಿವ ಸ್ಥಾನಕ್ಕೆ ಈವ್ ಕೋಶೆ ಬಂದರು. 2002ರಲ್ಲಿ ವ್ವಾನೆ ದೋಲ್ ಕ್ಷೇತ್ರ ಸೋತರು. 2004ರಲ್ಲಿ ಪ್ಯಾರಿಸ್ ಪಕ್ಕದ ಸೇನ್-ಸೇಂ-ದೆನಿ ಜಿಲ್ಲೆಯಿಂದ ಸೆನೆಟ್‌ಗೆ ಆಯ್ಕೆಯಾದರು.

2007ರ ಪ್ರಶ್ನೆ. ಬಂದದ್ದು 5,76,666 ಮತ, 1.57 ಶೇಕಡಾ. ಮೊದಲ ಕಾರಣ 2002ರ ಹೆದರಿಕೆ: ಆ ವರ್ಷ ಎಡಪಂಥದ ಮತ ಹಂಚಿಹೋಗಿ ಜೋಸ್ಪಾಂ ಮೊದಲ ಸುತ್ತಿನಲ್ಲೇ ಹೊರಬಿದ್ದು, ತೀವ್ರ ಬಲಪಂಥದ ಲೆ ಪೆನ್ ಎರಡನೇ ಸುತ್ತು ಮುಟ್ಟಿದ್ದರು. ಆಗ 5.25 ಶೇಕಡಾ ಪಡೆದಿದ್ದ ಹಸಿರು ಪಕ್ಷದ ಮತದಾರರು ಈ ಸಲ ಮೊದಲ ಸುತ್ತಿಗೇ ಸಮಾಜವಾದಿಗಳತ್ತ ಹೋದರು. ಎರಡನೆಯದು, ಟಿವಿ ನಿರೂಪಕ ನಿಕೊಲಾ ಉಲೋ ಎಲ್ಲ ಮುಖ್ಯ ಅಭ್ಯರ್ಥಿಗಳಿಂದ ಪರಿಸರ ಪ್ರತಿಜ್ಞೆಗೆ ಸಹಿ ಹಾಕಿಸಿದ್ದರು. ಎಲ್ಲರೂ ಹಸಿರಾದ ಮೇಲೆ ಹಸಿರು ಅಭ್ಯರ್ಥಿಯ ಗುರುತೇ ಅಳಿಸಿತು. ಮೂರನೆಯದು, ರೈತನಾಯಕ ಜೋಸೆ ಬೋವೆ ಬೇರೆಯಾಗಿ ನಿಂತು 1.32 ಶೇಕಡಾ ಒಯ್ದರು. ಇದರ ಪೆಟ್ಟು ಹಣಕ್ಕೂ ಬಿತ್ತು. ಮೊದಲ ಸುತ್ತಿನ ವೆಚ್ಚದ ಮಿತಿ 1.6166 ಕೋಟಿ ಯುರೊ. ಆಗ 5 ಶೇಕಡಾ ದಾಟಿದವರಿಗೆ ಸರ್ಕಾರ ಅದರ ಅರ್ಧದ ತನಕ ಮರುಪಾವತಿ ಮಾಡುತ್ತಿತ್ತು. ದಾಟದವರಿಗೆ ಇಪ್ಪತ್ತರಲ್ಲೊಂದು ಭಾಗ, 8,08,300 ಯುರೊ, ಅಷ್ಟೇ ಗರಿಷ್ಠ. ನಮ್ಮ ಠೇವಣಿಗಿಂತ ಬಹಳ ದುಬಾರಿಯಾದ ಗೆರೆ ಅದು. ಆದರೆ ಮತದಾರರು ಪರಿಸರವನ್ನು ಕೈಬಿಟ್ಟರು ಎಂದುಕೊಳ್ಳಬೇಡಿ: ಎರಡೇ ವರ್ಷದ ನಂತರ, 2009ರ ಯುರೋಪಿಯನ್ ಚುನಾವಣೆಯಲ್ಲಿ ಅದೇ ಬಳಗದ ಪಟ್ಟಿಗೆ 16.28 ಶೇಕಡಾ ಬಂತು.

2008ರ ಮಾರ್ಚಿನಲ್ಲಿ ವ್ವಾನೆ ಪ್ಯಾರಿಸಿನ ಪೂರ್ವಕ್ಕಂಟಿದ, ಲಕ್ಷ ಜನರ ಮೋಂತ್ರೈ ನಗರದ ಮೇಯರ್ ಆದರು. 1984ರಿಂದ ಅಲ್ಲಿ ಮೇಯರ್ ಆಗಿದ್ದ ಜಾನ್-ಪಿಯೆರ್ ಬ್ರಾರ್ ಅವರನ್ನು 54 ಶೇಕಡಾ ಮತ ಪಡೆದು ಸೋಲಿಸಿದರು. ಆ ಊರಿನ ವಿಶೇಷ ಪೀಚ್ ಗೋಡೆಗಳು: ಕಲ್ಲು ಮತ್ತು ಜಿಪ್ಸಂ ಗಾರೆಯ ಎತ್ತರದ ಗೋಡೆಗಳು ಹಗಲು ಬಿಸಿಲು ಹೀರಿ ರಾತ್ರಿ ಬಿಡುತ್ತವೆ, ಆ ಕಾವಿನಲ್ಲಿ ಪ್ಯಾರಿಸಿನ ಚಳಿಗೂ ಪೀಚ್ ಹಣ್ಣಾಗುತ್ತಿತ್ತು. ಅಳಿದುಳಿದ ಆ ಗೋಡೆಗಳಿರುವ ಮೇಲ್ಭಾಗದ ಬಡಾವಣೆಗಳ ಮರುಯೋಜನೆ ಅವರ ಅವಧಿಯ ದೊಡ್ಡ ವಿಷಯ. ಗೆದ್ದ ಪಟ್ಟಿಗೆ ಅರ್ಧ ಸ್ಥಾನ ಮೊದಲೇ ಸಿಗುವ ನಿಯಮದಿಂದ ಬಹುಮತ ದೊಡ್ಡದಿತ್ತು, ಆದರೆ ಪಟ್ಟಿಯೊಳಗೆ ಹಲವು ಪಕ್ಷದವರು, ಮೈತ್ರಿ ಬಿರುಕುಬಿಟ್ಟಿತು. 2013ರ ನವೆಂಬರಿನಲ್ಲಿ, ಮತ್ತೆ ನಿಲ್ಲುವುದಿಲ್ಲ ಎಂದರು.

ಆಮೇಲೆ ಅವರು ಮರಳಿದ್ದು ಆರೋಗ್ಯ ಕ್ಷೇತ್ರಕ್ಕೆ: ಮೊದಲು ಸಾಮಾಜಿಕ ವ್ಯವಹಾರಗಳ ತಪಾಸಣಾ ಇಲಾಖೆ, ನಂತರ ಹಿಂದೂ ಮಹಾಸಾಗರದ ಮಯೋತ್ ದ್ವೀಪದ ಆರೋಗ್ಯ ಸಂಸ್ಥೆಯ ಮುಖ್ಯಸ್ಥೆ. 2020ರಲ್ಲಿ ಅಲ್ಲಿ ಕೋವಿಡ್ ಮತ್ತು ಡೆಂಗಿ ಒಟ್ಟೊಟ್ಟಿಗೆ ಬಂದಿದ್ದವು.

ಈಗ ಎಲ್ಲಿದ್ದಾರೆ ಎಂದು ಕೇಳಿದಿರಿ. 2024ರ ಜೂನ್ 9ರಂದು ಅಧ್ಯಕ್ಷ ಮಾಕ್ರೋಂ ಸಭೆ ವಿಸರ್ಜಿಸಿದಾಗ ಮೊದಲ ಸುತ್ತಿಗೆ ಮೂರೇ ವಾರ. ಎಡಪಕ್ಷಗಳು ಕೆಲವೇ ದಿನಗಳಲ್ಲಿ ಕ್ಷೇತ್ರ ಹಂಚಿಕೊಂಡವು. ಹುಟ್ಟಿದ ಜಿಲ್ಲೆ ದೂ-ದ ಎರಡನೇ ಕ್ಷೇತ್ರದಿಂದ ವ್ವಾನೆ ಜುಲೈ 7ರಂದು ಗೆದ್ದರು, ತಮ್ಮ 65ನೇ ವಯಸ್ಸಿನಲ್ಲಿ. 1997ರಲ್ಲಿ ಹಸಿರು ಸದಸ್ಯರು ಬೆರಳೆಣಿಕೆಯಷ್ಟಿದ್ದು, ಸಂಸತ್ತಿನಲ್ಲಿ ಗುಂಪು ಕಟ್ಟಲು ಬೇಕಾದ 20ರ ಸಂಖ್ಯೆ ಮುಟ್ಟಲು ಬೇರೆ ಎರಡು ಸಣ್ಣ ಪಕ್ಷಗಳ ಜೊತೆ ಕೂಡಬೇಕಾಗಿತ್ತು. ಈಗ ಅವರು ಕೂರುವ ಪರಿಸರವಾದಿ ಗುಂಪಿಗೆ ಅಂಥ ಹಂಗಿಲ್ಲ.